ನಿಕುಂಭ್ ಸರ್ ರಜೆ ಹಾಕಿದ ದಿನ

'ತಾರೇ ಝಮೀನ್ ಪರ್' ಬಂದದ್ದು 2007ರಲ್ಲಿ. ಥಾಣೆಯ ಥಿಯೇಟರಿನಲ್ಲಿ ನೋಡಿ ನಾನೂ ಅತ್ತಿದ್ದೆ. ಈಚೆಗೆ ಮಗಳ ಜೊತೆ ಮನೆಯಲ್ಲಿ ಮತ್ತೆ ನೋಡಿದಾಗ ಕಣ್ಣೀರಿಗಿಂತ ಮೊದಲು ಒಂದು ಪ್ರಶ್ನೆ ಬಂತು: ನಿಕುಂಭ್ ಸರ್ ಕೆಲಸ ಬಿಟ್ಟು ಹೋದರೆ ಇಶಾನನ ಗತಿ ಏನು?

ಇದು ಪ್ರಾಜೆಕ್ಟ್ ಮ್ಯಾನೇಜರನ ಚಾಳಿ ಇರಬಹುದು. ಎಲ್ಲವೂ ಒಬ್ಬನ ಮೇಲೆ ನಿಂತಿದ್ದರೆ ಅದನ್ನು ನಾವು ಮೆಚ್ಚುವುದಿಲ್ಲ, ಅಪಾಯಗಳ ಪಟ್ಟಿಗೆ ಸೇರಿಸುತ್ತೇವೆ. ಆದರೆ ಸಿನಿಮಾದ ಒಳಗೂ ಈ ಪ್ರಶ್ನೆಗೆ ಉತ್ತರವಿಲ್ಲ. ಅಕ್ಷರಗಳು ಕುಣಿದಂತೆ ಕಾಣುವ ಹುಡುಗನಿಗೆ ನಿಕುಂಭ್ ಮರಳು, ಜೇಡಿಮಣ್ಣು, ಬಣ್ಣ ಹಿಡಿದು ಪ್ರತ್ಯೇಕವಾಗಿ ಕಲಿಸುತ್ತಾನೆ. ಉಳಿದ ಮಾಸ್ತರರ ತರಗತಿಗಳು ಇದ್ದ ಹಾಗೇ ಇರುತ್ತವೆ. ಕೊನೆಗೆ ಇಶಾನನನ್ನು ಎಲ್ಲರೂ ಒಪ್ಪುವುದು ಚಿತ್ರಸ್ಪರ್ಧೆಯಲ್ಲಿ ಅವನು ಗೆದ್ದಾಗ. ಚಿತ್ರವೂ ಬಾರದ, ಓದೂ ಹತ್ತದ ಹುಡುಗನೊಬ್ಬ ಅದೇ ಬೆಂಚಿನಲ್ಲಿ ಕೂತಿದ್ದರೆ ಕಥೆ ಅವನ ಕಡೆ ತಿರುಗಿಯೂ ನೋಡುತ್ತಿರಲಿಲ್ಲ.

ಕನ್ನಡದಲ್ಲೂ ಸಿಗುವ 'ತೊತ್ತೋ ಚಾನ್' ಇದಕ್ಕಿಂತ ಒಂದು ಹೆಜ್ಜೆ ಮುಂದಿದೆ. ತೆತ್ಸುಕೊ ಕುರೊಯಾನಗಿ ನೆನಪಿಸಿಕೊಳ್ಳುವ ತೊಮೊಯೆ ಶಾಲೆಯಲ್ಲಿ ದಿನದ ಎಲ್ಲ ವಿಷಯಗಳ ಕೆಲಸವನ್ನು ಬೆಳಿಗ್ಗೆಯೇ ಬೋರ್ಡಿನಲ್ಲಿ ಬರೆದಿಡುತ್ತಾರೆ. ಪ್ರತಿ ಮಗು ತನಗಿಷ್ಟವಾದದ್ದರಿಂದ ಶುರುಮಾಡುತ್ತದೆ. ಯಾವ ಮಗು ಎಲ್ಲಿ ಹಿಗ್ಗುತ್ತದೆ, ಎಲ್ಲಿ ಸೋಲುತ್ತದೆ ಎಂಬುದು ಶಿಕ್ಷಕರಿಗೆ ತಾನಾಗಿ ತಿಳಿಯುತ್ತದೆ. ಇಲ್ಲಿ ಬದಲಾಗಿರುವುದು ಒಂದು ಮಗುವಿನ ಅದೃಷ್ಟವಲ್ಲ, ತರಗತಿಯ ಏರ್ಪಾಡು. ಆದರೂ ಪುಸ್ತಕ ಮುಚ್ಚಿದ ಮೇಲೆ ನಮ್ಮ ನೆನಪಿನಲ್ಲಿ ಉಳಿಯುವುದು ಕೊಬಾಯಾಶಿ ಮಾಸ್ತರರೇ, ಆ ಬೋರ್ಡಲ್ಲ.

ಇವೆರಡರ ಪಕ್ಕದಲ್ಲಿ ಯಾರೂ ಸಿನಿಮಾ ಮಾಡದ ನಮ್ಮದೇ ಒಂದು ಪ್ರಯತ್ನವನ್ನು ಇಟ್ಟು ನೋಡಬೇಕು: ನಲಿ-ಕಲಿ. ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿ ಶಾಲೆಯ ಪದ್ಧತಿಯನ್ನು ನೋಡಿ ಬಂದು, ಯುನಿಸೆಫ್ ನೆರವಿನಿಂದ 1995ರಲ್ಲಿ ಶುರುಮಾಡಿದ್ದು. 2009-10ರಲ್ಲಿ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಹಬ್ಬಿತು. ಬೇರೆ ಬೇರೆ ವಯಸ್ಸಿನ ಮಕ್ಕಳು ಒಂದೇ ಕೋಣೆಯಲ್ಲಿ ಕೂರುತ್ತಾರೆ. ಪಾಠದ ಬದಲು ಕಾರ್ಡುಗಳು, ಗೋಡೆಯ ಮೇಲೆ ಕಲಿಕೆಯ ಮೆಟ್ಟಿಲು. ಕೆಲವರು ಟೀಚರ ಜೊತೆ, ಕೆಲವರು ಜೊತೆಗಾರರ ಜೊತೆ, ಕೆಲವರು ತಾವೇ. ಹದಿನೈದು ದಿನ ಗೈರಾದ ಮಗು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯುತ್ತದೆ. ನನಗೆ ಇದರ ದೊಡ್ಡಸ್ತಿಕೆ ಕಾಣುವುದು ಇಲ್ಲೇ: ನಿಕುಂಭ್ ಅಲ್ಲದ ಸಾಧಾರಣ ಟೀಚರ್ ಕೂಡ ನಡೆಸಬಹುದಾದ ಏರ್ಪಾಡು ಇದು.

ಇಷ್ಟು ಮೆಚ್ಚಿದ ಮೇಲೆ ಒಂದು ತಕರಾರು. ನಲಿ-ಕಲಿಯಲ್ಲಿ ಮಗುವಿನ ವೇಗ ಬೇರೆಯಾಗಬಹುದು, ಏಣಿ ಮಾತ್ರ ಒಂದೇ. ಅಕ್ಷರಗಳು ಅಲ್ಲಿ ಅ ಆ ಇ ಈ ಎಂದು ಬರುವುದಿಲ್ಲ. ರ ಗ ಸ ದ ಅ ಎಂದು ಶುರುವಾಗುತ್ತವೆ. ಸರ, ದರ, ಅರಸ, ಗರಗಸ ಎಂದು ಮೊದಲ ವಾರಗಳಲ್ಲೇ ಪದ ಓದಿಸುವ ಜಾಣ ಕ್ರಮ. ಆದರೆ ಅದು ಕನ್ನಡ ಮಾತಾಡಿಕೊಂಡೇ ಶಾಲೆಗೆ ಬರುವ ಮಗುವಿಗಾಗಿ ಮಾಡಿದ್ದು.

ಇದು ನನಗೆ ಅರ್ಥವಾದದ್ದು ಡೊಂಬಿವಲಿಯಲ್ಲಿ, ನಾವು ಕೆಲವರು ಸೇರಿ ನಡೆಸುವ ಭಾನುವಾರದ ಕನ್ನಡ ತರಗತಿಯಲ್ಲಿ. ಮೊದಲ ವರ್ಷ ಎಲ್ಲರಿಗೂ ನಾಲ್ಕು ವಾರ ವರ್ಣಮಾಲೆ ಬರೆಸಿದೆವು. ಮೂವರು ಮಕ್ಕಳು ಬಿಟ್ಟರು. 'ಪೋಷಕರಿಗೆ ಆಸಕ್ತಿಯಿಲ್ಲ' ಎಂದು ನಾನೇ ಷರಾ ಬರೆದೆ. ಎರಡನೇ ವರ್ಷ ರಗಸದಅ ಕ್ರಮ ಹಿಡಿದೆ. ಮನೆಯಲ್ಲಿ ತುಳುವನ್ನೂ ಹೆಚ್ಚು ಆಡದ, ಶಾಲೆಯಲ್ಲಿ ದೇವನಾಗರಿ ಕಲಿತ ಹುಡುಗಿಯೊಬ್ಬಳು ಮೂರೇ ವಾರದಲ್ಲಿ 'ಗರಗಸ' ಎಂದು ತಪ್ಪಿಲ್ಲದೆ ಓದಿದಳು. ಓದಿ ಕೇಳಿದಳು, "ಅಂಕಲ್, ಗರಗಸ ಅಂದ್ರೆ ಏನು?"

ನಾನು ಬಾಯಿ ತೆಗೆಯುವ ಮೊದಲೇ ಹಿಂದಿನಿಂದ ಉತ್ತರ ಬಂತು. "ಕಟಗಿ ಕೊಯ್ಯೋದು. ನಮ್ಮಪ್ಪನ ಹತ್ರ ಐತಿ." ಅಕ್ಕಲಕೋಟೆ ಕಡೆಯ ಹುಡುಗ, ಅಪ್ಪ ಫರ್ನಿಚರ್ ಕೆಲಸದವರು. ಮಾತು ಅರಳು ಹುರಿದಂತೆ, ಆದರೆ ಆ ಪದವನ್ನು ಓದಲು ಅವನಿಗೆ ಇನ್ನೂ ಬರುತ್ತಿರಲಿಲ್ಲ.

ಅವಳಿಗೆ ಬೇಕಾದದ್ದು ಪದದ ಅರ್ಥ, ಅವನಿಗೆ ಬೇಕಾದದ್ದು ಅಕ್ಷರದ ಆಕಾರ. ಇಬ್ಬರನ್ನೂ ಒಂದೇ ಏಣಿ ಹತ್ತಿಸಿದರೆ ಒಬ್ಬರು ಅರ್ಥವಿಲ್ಲದೆ ಓದುತ್ತಾರೆ, ಇನ್ನೊಬ್ಬರಿಗೆ ಬೇಸರ ಬರುತ್ತದೆ. ನಾನು ಏಣಿಯನ್ನು ಬದಿಗಿಟ್ಟು ಇಬ್ಬರನ್ನೂ ಜೊತೆಗೆ ಕೂರಿಸಿದೆ. ಜೊತೆಗಾರರಿಂದ ಕಲಿಯುವ ಈ ಗುಂಪಿನ ಉಪಾಯವೂ ನಲಿ-ಕಲಿಯದೇ. ಅಂದರೆ ಆ ಪದ್ಧತಿಯಲ್ಲಿ ಮೆಟ್ಟಿಲಿಗಿಂತ ಬೆಲೆಬಾಳುವುದು ಗುಂಪು. ಕಾರ್ಡು ಮುಗಿಸುವುದೇ ಗುರಿಯಾದ ಕಡೆ ಅದು ಇನ್ನೊಂದು ಪಠ್ಯಪುಸ್ತಕವಾಗಿಬಿಡುತ್ತದೆ.

ವಲಸೆ ಬಂದ ನಾವು ಮಕ್ಕಳಿಗೆ ಶಾಲೆ ಹುಡುಕುವಾಗ ಎಸಿ, ಬೋರ್ಡ್, ಬಸ್ಸಿನ ದಾರಿ ಎಲ್ಲ ವಿಚಾರಿಸುತ್ತೇವೆ. ನಲವತ್ತು ಮಕ್ಕಳಿಗೆ ಒಂದೇ ವರ್ಕ್‌ಶೀಟೇ ಎಂದು ಕೇಳುವುದಿಲ್ಲ. ಮಗು ಹಿಂದೆ ಬಿದ್ದರೆ ಟ್ಯೂಷನ್, ಇಲ್ಲವೇ ಒಬ್ಬ ನಿಕುಂಭ್ ಸರ್ ಬರಲೆಂಬ ಹಾರೈಕೆ. ಅಂಥವರು ಬಂದರೆ ಸಂತೋಷವೇ. ಆದರೆ ಅವರು ರಜೆ ಹಾಕಿದ ದಿನವೂ ಮಗು ಕಲಿಯಬೇಕಲ್ಲ.

ಆ ಮೂವರಲ್ಲಿ ಇಬ್ಬರ ಮನೆಗೆ ಮೊನ್ನೆ ಹೋಗಿ ಬಂದೆ. ಒಬ್ಬಳು ಮುಂದಿನ ಭಾನುವಾರದಿಂದ ಬರುತ್ತಾಳೆ. ಹಳೆಯ ರಿಜಿಸ್ಟರಿನ ಷರಾ ಹೊಡೆದುಹಾಕಿ ಅವಳ ಹೆಸರಿನ ಮುಂದೆ ಬರೆದಿದ್ದೇನೆ: 'ಕೇಳಿದರೆ ತಿಳಿಯುತ್ತದೆ, ಮಾತಾಡಲು ನಾಚಿಕೆ.' ಪಾಠ ಅಲ್ಲಿಂದ ಶುರು.