ಗುಂಡಮ್ಮನ ಮನೆಯ ಒರಳುಕಲ್ಲು

ವಾಡಿ ಜಂಕ್ಷನ್ನಿನಿಂದ ಸಿಕಂದರಾಬಾದ್ ಕಡೆ ಹೊರಟ ರೈಲು ಚಿತ್ತಾಪುರ, ಮಳಖೇಡ, ಸೇಡಂ ದಾಟಿ ತಾಂಡೂರು ಮುಟ್ಟುವುದರೊಳಗೆ ಡಬ್ಬಿಯೊಳಗಿನ ಮಾತು ಎಲ್ಲಿ ಕನ್ನಡದಿಂದ ತೆಲುಗಿಗೆ ಹೊರಳಿತು ಎಂದು ಗೆರೆ ಎಳೆದು ತೋರಿಸುವುದು ಕಷ್ಟ. ಚಿಂಚೋಳಿಯ ಮೂಡಣ ಹಳ್ಳಿಗಳಲ್ಲಂತೂ ಒಂದೇ ಮನೆಯಲ್ಲಿ ಎರಡೂ ನುಡಿ ಓಡಾಡುತ್ತವೆ, ಉರ್ದು ಸೇರಿದರೆ ಮೂರು. 1956ರ ನವೆಂಬರ್ 1ರವರೆಗೆ ಈ ತಾಲ್ಲೂಕುಗಳೆಲ್ಲ ಹೈದರಾಬಾದ್ ರಾಜ್ಯದಲ್ಲಿದ್ದವು. ಹಾಗಾಗಿ ಮೈಸೂರಿನವರಿಗೆ ತೆಲುಗು ಸಿನಿಮಾ ಪರಭಾಷೆಯದಾಗಿ ಕಂಡಿರಬಹುದು, ಇಲ್ಲಿಯವರಿಗೆ ಅದು ನೆರೆಮನೆಯ ಸುದ್ದಿ. ಆ ನೆರೆಮನೆಯ ಒಂದು ಚಿತ್ರವನ್ನು ಇವತ್ತು ಮತ್ತೆ ಕೂತು ನೋಡುವುದಕ್ಕೆ ಇನ್ನೊಂದು ಕಾರಣವೂ ಇದೆ. 1962ರ 'ಗುಂಡಮ್ಮ ಕಥ' ಹುಟ್ಟಿದ್ದು ಕನ್ನಡದ ಹೊಟ್ಟೆಯಲ್ಲಿ.

ಉಡುಪಿಯ ಉದ್ಯಾವರದ ಬಿ. ವಿಠ್ಠಲಾಚಾರ್ಯರು 1958ರಲ್ಲಿ 'ಮನೆ ತುಂಬಿದ ಹೆಣ್ಣು' ಎಂಬ ಕನ್ನಡ ಚಿತ್ರ ಮಾಡಿದರು. ಮಹಾತ್ಮಾ ಪಿಕ್ಚರ್ಸ್‌ನ ಡಿ. ಶಂಕರ್ ಸಿಂಗ್ ಜೊತೆ ಸೇರಿ ಕನ್ನಡ ಚಿತ್ರರಂಗಕ್ಕೆ ಬುನಾದಿ ಹಾಕಿದವರಲ್ಲಿ ಅವರೂ ಒಬ್ಬರು. ಮುಂದೆ ತೆಲುಗಿನಲ್ಲಿ ಮಾಯಾ ಮಂತ್ರದ ಜಾನಪದ ಚಿತ್ರಗಳಿಂದ ಹೆಸರಾದರು. ಅವರ ಆ ಕನ್ನಡ ಕಥೆಯನ್ನು ವಿಜಯಾ ಸಂಸ್ಥೆಯ ಬಿ. ನಾಗಿರೆಡ್ಡಿ ಮತ್ತು ಚಕ್ರಪಾಣಿ ತೆಗೆದುಕೊಂಡರು. ಡಿ.ವಿ. ನರಸರಾಜು ಮಾತು ಬರೆದರು, ಕಮಲಾಕರ ಕಾಮೇಶ್ವರರಾವ್ ನಿರ್ದೇಶಿಸಿದರು. ಘಂಟಸಾಲರ ಸಂಗೀತ, ಮಾರ್ಕಸ್ ಬಾರ್ಟ್ಲಿಯ ಕ್ಯಾಮೆರಾ. ತೆರೆಯ ಮೇಲೆ ಎನ್‌.ಟಿ. ರಾಮರಾವ್, ಅಕ್ಕಿನೇನಿ ನಾಗೇಶ್ವರರಾವ್, ಎಸ್‌.ವಿ. ರಂಗಾರಾವ್, ಸಾವಿತ್ರಿ, ಜಮುನಾ, ರಮಣಾರೆಡ್ಡಿ, ಛಾಯಾದೇವಿ, ಹರನಾಥ್, ರಾಜನಾಲ. ಎನ್‌ಟಿಆರ್‌ಗೆ ಇದು 100ನೆಯ ಚಿತ್ರ, ನಾಗೇಶ್ವರರಾವ್‌ಗೆ 99ನೆಯದು. ಇಷ್ಟು ತಾರೆಯರಿದ್ದೂ ಚಿತ್ರದ ಹೆಸರು ಮಾತ್ರ ಸೂರ್ಯಕಾಂತಂ ನಟಿಸಿದ ಬಾಯಿಬಡುಕ ವಿಧವೆಯದು.

ಈ ಚಿತ್ರವನ್ನು ಬಿಡಿಯಾಗಿ ನೋಡಿದರೆ ಅದರ ಬಲವೂ ತಿಳಿಯುವುದಿಲ್ಲ, ದೌರ್ಬಲ್ಯವೂ ತಿಳಿಯುವುದಿಲ್ಲ. ಇದು ವಿಜಯಾ ಚಿತ್ರಗಳ ಒಂದು ಪಂಥದ ಬೆಳೆ. 1952ರ 'ಪೆಳ್ಳಿ ಚೇಸಿ ಚೂಡು' ವರದಕ್ಷಿಣೆಯನ್ನು ಹಾಸ್ಯಕ್ಕೆ ಎಳೆಯಿತು. 1955ರ 'ಮಿಸ್ಸಮ್ಮ'ದಲ್ಲಿ ಕೆಲಸವಿಲ್ಲದ ಇಬ್ಬರು ಪದವೀಧರರು ನೌಕರಿಗಾಗಿ ಗಂಡ ಹೆಂಡತಿಯೆಂದು ಸುಳ್ಳು ಹೇಳಿ ಊರಿಗೆ ಬರುತ್ತಾರೆ, ಅದರಲ್ಲೂ ಒಬ್ಬಳು ಕ್ರೈಸ್ತಳಾಗಿ ಬೆಳೆದವಳು. 1959ರ 'ಅಪ್ಪು ಚೇಸಿ ಪಪ್ಪು ಕೂಡು' ಸಾಲ ಮಾಡಿ ಮೆರೆಯುವವರನ್ನು ಹಿಡಿದು ನಿಲ್ಲಿಸಿತು. 'ಮಾಯಾಬಜಾರ್' ಕೂಡ ಪುರಾಣದ ವೇಷದಲ್ಲಿರುವ ಮದುವೆಮನೆಯ ವಿಡಂಬನೆಯೇ. ಚಕ್ರಪಾಣಿ ಬಂಗಾಳಿಯಿಂದ ಶರತ್‌ಚಂದ್ರರನ್ನು ತೆಲುಗಿಗೆ ತಂದವರು. ನಾಗಿರೆಡ್ಡಿಯವರ ಜೊತೆ 'ಚಂದಮಾಮ' ನಡೆಸಿದವರು. ಆ ಪತ್ರಿಕೆ 1949ರಿಂದ ಕನ್ನಡದಲ್ಲೂ ಬಂತು, ನಮ್ಮ ಎಷ್ಟೋ ಮನೆಗಳಿಗೆ ಓದುವ ಚಟ ಹತ್ತಿಸಿತು. ಮಕ್ಕಳ ಕಥೆಯ ಆ ಸರಳತೆ, ಯಾರನ್ನೂ ಪೂರ್ತಿ ಕೆಟ್ಟವರೆನ್ನದ ಆ ಸೌಜನ್ಯ ಅವರ ಸಿನಿಮಾಗಳಲ್ಲೂ ಇದೆ. ವಿಜಯಾ ಚಿತ್ರಗಳಲ್ಲಿ ದುಷ್ಟರಿಗಿಂತ ಮೂರ್ಖರು ಹೆಚ್ಚು. ಮೂರ್ಖರಿಗೆ ಬುದ್ಧಿ ಬಂದರೆ ಕಥೆ ಮುಗಿಯಿತು.

'ಗುಂಡಮ್ಮ ಕಥ'ದಲ್ಲಿ ಈ ಪಂಥ ತನ್ನ ಎತ್ತರವನ್ನೂ ಮುಟ್ಟಿದೆ, ತನ್ನ ಗೋಡೆಗೂ ಬಂದು ನಿಂತಿದೆ.

ಎತ್ತರದ ಮಾತು ಮೊದಲು. ಗುಂಡಮ್ಮ ಹಣವಿರುವ ವಿಧವೆ. ಮುದ್ದಿನಿಂದ ಸೊಕ್ಕಿದ ಮಗಳು ಸರೋಜ, ಮಗ ಪ್ರಭಾಕರ, ಸವತಿಯ ಮಗಳು ಲಕ್ಷ್ಮಿ. ಲಕ್ಷ್ಮಿಗೆ ಆ ಮನೆಯಲ್ಲಿ ಸಂಬಳವಿಲ್ಲದ ಕೆಲಸದವಳ ಸ್ಥಾನ. ಗಂಡ ಸತ್ತ ಮೇಲೆ ಇಷ್ಟೆಲ್ಲ ಕಾಯ್ದುಕೊಂಡ ಹೆಂಗಸಿನ ಸುತ್ತ ಎಂಥವರು ಸುಳಿದಾಡುತ್ತಾರೆಂಬುದಕ್ಕೆ ಹಾಲಿನ ಘಂಟಯ್ಯನೇ ಸಾಕ್ಷಿ. ಜೈಲು ಕಂಡ ತನ್ನ ಮಗನಿಗೆ ಸರೋಜಳನ್ನು ತಂದುಕೊಂಡು ಆಸ್ತಿ ಬಾಚಿಕೊಳ್ಳುವ ಲೆಕ್ಕ ಅವನದು. ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದದ್ದು 1956ರಲ್ಲಿ. ಹೆಣ್ಣು ತನ್ನ ವಶದಲ್ಲಿರುವ ಆಸ್ತಿಗೆ ಪೂರ್ಣ ಒಡತಿ ಎಂದು ಹೇಳಿದ ಕಾಯ್ದೆ ಅದು. ಆರೇ ವರ್ಷಕ್ಕೆ ಈ ಚಿತ್ರ. ಸೂರ್ಯಕಾಂತಂ ಗುಂಡಮ್ಮನಿಗೆ ಕೊಟ್ಟ ಉಸಿರಿನಲ್ಲಿ ಆ ಹೊಸ ಒಡತಿಯ ಹಿಗ್ಗೂ ಇದೆ, ಕೈತಪ್ಪಿ ಹೋದೀತೆಂಬ ದಿಗಿಲೂ ಇದೆ. ಅವಳು ಬೈಯುವಾಗ ಬೈಗುಳಕ್ಕಿಂತ ಮೊದಲು ಕಣ್ಣು ಓಡಾಡುತ್ತದೆ, ಯಾರು ಏನು ಎತ್ತಿಕೊಂಡು ಹೋಗುತ್ತಿದ್ದಾರೆಂದು. ಬರೀ ಗಯ್ಯಾಳಿಯ ಪಾತ್ರ ಮಾಡುವವರಿಗೆ ಈ ಕಣ್ಣು ಬರುವುದಿಲ್ಲ.

ಇನ್ನು ಒರಳುಕಲ್ಲಿನ ದೃಶ್ಯ. ಸಿರಿವಂತ ವೆಂಕಟರಾಮಯ್ಯನ ಹಿರಿಯ ಮಗ, ಎನ್‌ಟಿಆರ್, ಅಂಜಿ ಎಂಬ ಆಳಿನ ವೇಷದಲ್ಲಿ ಗುಂಡಮ್ಮನ ಮನೆ ಸೇರುತ್ತಾನೆ. ಕೃಷ್ಣನಾಗಿ ತೆರೆಯ ಮೇಲೆ ಬಂದರೆ ಜನ ಕೈಮುಗಿಯುತ್ತಿದ್ದ ನಟ ಇಲ್ಲಿ ಚಡ್ಡಿ ತೊಟ್ಟು ಹಿಟ್ಟು ರುಬ್ಬುತ್ತಾನೆ. ರುಬ್ಬುತ್ತಲೇ ಹೆಣ್ಣುಲೋಕ ಎಚ್ಚೆತ್ತ ಬಗ್ಗೆ ಹಾಡುತ್ತಾನೆ. ಹಾಡು ಪಿಂಗಳಿ ನಾಗೇಂದ್ರರಾವ್ ಅವರದು. ಸಾವಿತ್ರಿಯ ಲಕ್ಷ್ಮಿ ಅದನ್ನು ಕೇಳುವ ರೀತಿಯನ್ನು ಗಮನಿಸಬೇಕು. ಅವಳ ಮುಖದಲ್ಲಿ ಪ್ರೇಮಕ್ಕಿಂತ ಮೊದಲು ಬರುವುದು ಬೆರಗು, ತನ್ನ ಕೆಲಸಕ್ಕೆ ಇನ್ನೊಬ್ಬರು ಕೈ ಹಚ್ಚಿದ್ದಾರಲ್ಲ ಎಂಬ ಬೆರಗು. ಗಂಡಸು ಅಡುಗೆಮನೆಯ ದುಡಿಮೆಗೆ ಕೂತರೆ ಅದು ನಗೆಯಾಟವೂ ಹೌದು, ನ್ಯಾಯವೂ ಹೌದು ಎಂದು ಅಷ್ಟು ಸಲೀಸಾಗಿ ತೋರಿಸಿದ ಇನ್ನೊಂದು ದೃಶ್ಯ ಆ ಕಾಲದ ದಕ್ಷಿಣದ ಜನಪ್ರಿಯ ಸಿನಿಮಾದಲ್ಲಿ ನನಗೆ ನೆನಪಾಗುವುದಿಲ್ಲ. ನಮ್ಮ ಕಡೆ ಹೊತ್ತು ಮೂಡುವ ಮೊದಲೇ ಬೀಸುಕಲ್ಲಿಗೆ ಕೂತು, ರೊಟ್ಟಿ ಬಡಿದಿಟ್ಟು, ಆಮೇಲೆ ತೊಗರಿ ಹೊಲಕ್ಕೋ ಶಹಾಬಾದಿನ ಕಲ್ಲುಗಣಿಗೋ ಹೋಗುತ್ತಿದ್ದ ಹೆಣ್ಣುಮಕ್ಕಳಿಗೆ ಆ ದೃಶ್ಯ ಎಲ್ಲಿ ತಾಗಿರಬೇಕೆಂದು ವಿವರಿಸಬೇಕಾಗಿಲ್ಲ.

ಆದರೆ ರುಬ್ಬುವವನು ಆಳಲ್ಲ. ನೋಡುವ ನಮಗೆ ಅದು ಗೊತ್ತು. ಈ ಪಂಥದ ಗೋಡೆ ಏಳುವುದು ಇಲ್ಲಿ. ಅಂಜಿ ಯಾವತ್ತು ಬೇಕಾದರೂ ಚಡ್ಡಿ ಕಳಚಿ ದೊಡ್ಡಮನೆಯ ಮಗನಾಗಬಲ್ಲ. ಲಕ್ಷ್ಮಿಗೆ ಕಳಚಲು ವೇಷವೇ ಇಲ್ಲ. ಗಂಡಸಿಗೆ ದುಡಿಮೆ ನಾಟಕ, ಹೆಣ್ಣಿಗೆ ಹಣೆಬರಹ. ಉತ್ತರಾರ್ಧದಲ್ಲಿ ಇದು ಇನ್ನೂ ಬಿಗಿಯಾಗುತ್ತದೆ. ಕಿರಿಯ ಮಗ ರಾಜ, ಅಂದರೆ ನಾಗೇಶ್ವರರಾವ್, ಸರೋಜಳನ್ನು ಮದುವೆಯಾಗಿ ಬಡವನಂತೆ ನಟಿಸುತ್ತಾನೆ. ಅವಳನ್ನು ಮನೆಯಿಂದ ಹೊರಡಿಸಿ ತನ್ನ ತಂದೆಯ ಬಂಗಲೆಯಲ್ಲೇ ತೋಟದ ಕೆಲಸಕ್ಕೆ ಹಚ್ಚುತ್ತಾನೆ. ಷೇಕ್ಸ್‌ಪಿಯರನ ಗಯ್ಯಾಳಿಯ ನಾಟಕದ ನೆರಳು ಇಲ್ಲಿ ಸ್ಪಷ್ಟ. ಅಂಜಿಯ ಕೈಯಲ್ಲಿ ಪ್ರೀತಿಯಾಗಿದ್ದ ದುಡಿಮೆ ಸರೋಜಳ ಕೈಯಲ್ಲಿ ಶಿಕ್ಷೆಯಾಗುತ್ತದೆ. ಜಮುನಾ ಸೊಕ್ಕನ್ನು ಎಷ್ಟು ಜೀವಂತವಾಗಿ ಆಡಿದ್ದಾರೆಂದರೆ ಅದು ಮುರಿಯುವಾಗ ನಗು ಬರುವುದಿಲ್ಲ, ಸಂಕಟವಾಗುತ್ತದೆ. ಚಿತ್ರಕ್ಕೆ ಆ ಸಂಕಟ ಬೇಕಿಲ್ಲ. ಅದು ನಮ್ಮನ್ನು ನಗಲು ಕರೆಯುತ್ತಲೇ ಇರುತ್ತದೆ.

ಇದೆಲ್ಲದರ ಸೂತ್ರಧಾರ ವೆಂಕಟರಾಮಯ್ಯ. ಎಸ್‌.ವಿ. ರಂಗಾರಾವ್ ಅವನನ್ನು ಎಷ್ಟು ಬೆಚ್ಚಗೆ, ಎಷ್ಟು ತೂಕವಾಗಿ ಆಡಿದ್ದಾರೆಂದರೆ ಅವನ ಮನೆಯ ಮೇಲೆ ಒಂದು ಪ್ರಶ್ನೆಯೂ ಬೀಳುವುದಿಲ್ಲ. ಗುಂಡಮ್ಮನ ಜಿಪುಣತನ ನಗೆಪಾಟಲು, ಘಂಟಯ್ಯನ ಆಸೆಬುರುಕತನ ನಗೆಪಾಟಲು. ಅವರಿಬ್ಬರ ಮನೆಗಳನ್ನು ಸೇರಿಸಿದರೂ ಮೀರುವ ಸಿರಿ ಮಾತ್ರ ಉದಾರತೆಯ ಇನ್ನೊಂದು ಹೆಸರು. ಹೈದರಾಬಾದಿನ ಜಹಗೀರುಗಳು 1949ರಲ್ಲಿ ರದ್ದಾದವು. ಆ ಜಹಗೀರುಗಳ ಕಾಲವನ್ನು ಕಂಡವರು ಸೇಡಂ, ಚಿತ್ತಾಪುರಗಳಲ್ಲಿ 1962ರಲ್ಲಿ ಇನ್ನೂ ನಡುವಯಸ್ಸಿನಲ್ಲಿದ್ದರು. ಅಂಥವರ ಮುಂದೆ ದೊಡ್ಡಮನೆಯನ್ನು ಹೀಗೆ ಮಮತೆಯ ಬೀಡಾಗಿ ತೋರಿಸಿದ್ದು ಸಣ್ಣ ವಿಷಯವಲ್ಲ. ಕಡಕೋಳ ಮಡಿವಾಳಪ್ಪನವರ ತತ್ವಪದಗಳು ಹುಟ್ಟಿದ ನೆಲ ನಮ್ಮದು. ಆ ಪದಗಳ ಕುಟುಕು ಮೊದಲು ತಾಗುವುದು ಮೇಲೆ ಕೂತವರಿಗೆ, ಆಡಂಬರದ ಭಕ್ತಿಗೆ. ವಿಜಯಾ ಪಂಥದ ವಿಡಂಬನೆ ದೊಡ್ಡಮನೆಯ ಬಾಗಿಲಿಗೆ ಬಂದು ಚಪ್ಪಲಿ ಬಿಟ್ಟು ಒಳಗೆ ಹೋಗುತ್ತದೆ. ಈ ಹೋಲಿಕೆ ಕಠಿಣವೆನಿಸಬಹುದು. ಜನಪ್ರಿಯ ಕಲೆ ಎರಡೂ, ಅಳತೆಗೋಲು ಒಂದೇ ಇರಬೇಕು ಎಂದೇ ನಾನು ನಂಬಿದ್ದೇನೆ.

ದೊಡ್ಡಮನೆಯನ್ನು ಹೀಗೆ ಮುಟ್ಟದೆ ಬಿಟ್ಟದ್ದಕ್ಕೆ ತಾರಾಬಲವೂ ಕಾರಣ. ಇಬ್ಬರು ನಾಯಕರನ್ನು ಒಂದೇ ಚಿತ್ರದಲ್ಲಿ ತಂದಾಗ ಹಾಡು, ಜೋಡಿ, ಗೆಲುವು ಎಲ್ಲ ಇಬ್ಬರಿಗೂ ಸಮನಾಗಿ ಸಿಗಬೇಕು. ನಾಯಕ ಬಡವನಾಗಿಯೇ ಉಳಿದರೆ ಅಭಿಮಾನಿಗೆ ತೃಪ್ತಿಯಿಲ್ಲ. ಆಮೇಲಿನ ಕನ್ನಡದ ಉದಾಹರಣೆ ಇದಕ್ಕೆ ಎದುರು ನಿಲ್ಲುತ್ತದೆ. 1969ರಲ್ಲಿ ದ್ವಾರಕೀಶ್ ನಿರ್ಮಿಸಿದ, ಸಿದ್ದಲಿಂಗಯ್ಯನವರ ಮೊದಲ ನಿರ್ದೇಶನದ 'ಮೇಯರ್ ಮುತ್ತಣ್ಣ'ದಲ್ಲಿ ರಾಜ್‌ಕುಮಾರ್ ವೇಷ ಹಾಕಿದ ಸಿರಿವಂತನಲ್ಲ, ಕಳ್ಳತನದ ಸುಳ್ಳು ಆರೋಪ ಹೊತ್ತು ಊರು ಬಿಟ್ಟ ಹಳ್ಳಿಯವನೇ. ಅವನು ನಗರದ ಮೇಯರ್ ಆಗುತ್ತಾನೆ. ಹಾಸ್ಯದ ಕುಸುರಿಯಲ್ಲಿ ಈ ಚಿತ್ರ ವಿಜಯಾ ಮಟ್ಟಕ್ಕೆ ಬರುವುದಿಲ್ಲ, ಒಳ್ಳೆಯತನದ ಉಪದೇಶ ಅಲ್ಲಲ್ಲಿ ವಿಡಂಬನೆಯ ಮೊನೆಯನ್ನು ಮೊಂಡಾಗಿಸುತ್ತದೆ. ಆದರೂ ಕೆಳಗಿನಿಂದ ಮೇಲಕ್ಕೆ ಹೋದವನ ಕಣ್ಣು ಅದರಲ್ಲಿದೆ. ನರಸಿಂಹರಾಜು, ಬಾಲಕೃಷ್ಣ, ದ್ವಾರಕೀಶರಂಥ ನಟರಿದ್ದೂ ಕನ್ನಡ ಸಿನಿಮಾ ಹಾಸ್ಯವನ್ನು ಬಹುಪಾಲು ಪಕ್ಕದ ಹಾದಿಗೆ ತಳ್ಳಿತು, ವಿಡಂಬನೆಯ ಪಂಥವೊಂದನ್ನು ಕಟ್ಟಲಿಲ್ಲ ಎಂಬ ಕೊರಗು ನನಗೆ ಉಳಿದೇ ಇದೆ.

'ಗುಂಡಮ್ಮ ಕಥ'ದ ಕಡೆಯ ಭಾಗದಲ್ಲಿ ಗುಂಡಮ್ಮನಿಗೆ ಅವಳಷ್ಟೇ ಗಟ್ಟಿಯಾದ ಛಾಯಾದೇವಿಯ ದುರ್ಗಮ್ಮ ಎದುರಾಗುತ್ತಾಳೆ. ಮಗನ ಹೆಂಡತಿಯ ಕಡೆಯಿಂದ ಬಂದ ಈ ಹೆಂಗಸು ಗುಂಡಮ್ಮನನ್ನು ಅವಳದೇ ಮನೆಯಲ್ಲಿ ಕೂಡಿಹಾಕುತ್ತಾಳೆ. ಬಿಡಿಸಲು ಬರುವವರು ಅಂಜಿ ಮತ್ತು ಲಕ್ಷ್ಮಿ. ಸೂರ್ಯಕಾಂತಂ ಆ ಹೊತ್ತಿಗೆ ಸದ್ದು ಕಳೆದುಕೊಂಡಿದ್ದಾರೆ, ಅವರ ಅಭಿನಯದ ಅತ್ಯುತ್ತಮ ಗಳಿಗೆಗಳು ಇವು. ಸಾವಿತ್ರಿ ಕ್ಷಮಿಸುವುದನ್ನು ಒಂದು ಮಾತಿನ ಅಬ್ಬರವೂ ಇಲ್ಲದೆ ಆಡುತ್ತಾರೆ. ಎಲ್ಲರೂ ವೆಂಕಟರಾಮಯ್ಯನ ಬಂಗಲೆ ಸೇರುತ್ತಾರೆ, ಲಕ್ಷ್ಮಿ ದೊಡ್ಡ ಸೊಸೆಯಾಗುತ್ತಾಳೆ. ಆದರೆ ಅವಳು ಆಳಿನಂತೆ ದುಡಿದ ಮನೆ ಅವಳ ತಂದೆಯದೂ ಆಗಿತ್ತು. ವಿಧವೆಗೆ ಒಡೆತನ ಕೊಟ್ಟ ಅದೇ 1956ರ ಕಾಯ್ದೆ ಮಗಳನ್ನೂ ತಂದೆಯ ಸ್ವಂತ ಆಸ್ತಿಯ ವಾರಸುದಾರಳೆಂದು ಹೇಳಿತ್ತು. ಅಂಜಿಯ ಜೊತೆ ಮದುವೆ ಮಾಡಿಕೊಟ್ಟಾಗ, ಗುಂಡಮ್ಮ ಕಣ್ಣೀರಿಟ್ಟಾಗ, ಎಲ್ಲರೂ ಒಂದಾದಾಗ, ಆ ಪಾಲಿನ ಲೆಕ್ಕ ಮಾತ್ರ ಯಾರ ನಗುವಿನಲ್ಲೂ ಬರುವುದಿಲ್ಲ.