ಅಪವಾದನಿರ್ವಹಣದ ದೋಷಗಳೂ ಯಂತ್ರಪರಿಶೋಧನವೂ

ಗಣಕಯಂತ್ರಕ್ಕೆ ವಿಧಿಸುವ ಆದೇಶಗಳ ಸಮೂಹಕ್ಕೆ ಪ್ರೋಗ್ರಾಮು ಎಂದು ಹೆಸರು. ಅದು ನಡೆಯುತ್ತಿರುವಾಗ ಬೇಕಾದ ಕಡತವು ದೊರೆಯದೆ ಹೋಗುವುದು, ಸಂಪರ್ಕವು ಕಡಿದುಹೋಗುವುದು, ಸಂಖ್ಯೆಯು ತನಗೆ ಗೊತ್ತುಮಾಡಿದ ಸ್ಥಳವನ್ನು ಮೀರುವುದು ಮೊದಲಾದ ವಿಘ್ನಗಳು ಒದಗುವುದುಂಟು. ಇಂತಹ ವಿಘ್ನವನ್ನು ಇಂಗ್ಲಿಷಿನಲ್ಲಿ ಎಕ್ಸೆಪ್ಷನ್ ಎನ್ನುತ್ತಾರೆ. ಕನ್ನಡದಲ್ಲಿ ಅಪವಾದವೆನ್ನುವುದು ನಮಗೆ ಸಮ್ಮತ. ಲೋಕರೂಢಿಯಲ್ಲಿ ಈ ಶಬ್ದಕ್ಕೆ ನಿಂದೆಯೆಂಬ ಅರ್ಥವೇ ಬಲವಾಗಿರುವುದರಿಂದ ಕೆಲವರು ಹಿಂಜರಿಯಬಹುದು. ವ್ಯಾಕರಣದಲ್ಲಿ ಅಪವಾದವೆಂಬುದು ವಿಧಿಯ ಹೆಸರೇ ಹೊರತು ಘಟನೆಯ ಹೆಸರಲ್ಲವೆಂಬ ಆಕ್ಷೇಪವೂ ನ್ಯಾಯವಾದುದೇ. ಆದರೂ ಸಾದೃಶ್ಯವು ಶಬ್ದಮಾತ್ರದ್ದಲ್ಲ.

ಸಾಮಾನ್ಯವಿಧಿಯನ್ನು ವಿಶೇಷವಿಧಿಯು ಬಾಧಿಸುವುದೆಂಬ ನ್ಯಾಯವು ವ್ಯಾಕರಣವನ್ನೋದಿದವರಿಗೆ ಸುಪರಿಚಿತವಾದುದು. ಜಾವಾ ಭಾಷೆಯಲ್ಲಿ ಅಪವಾದವನ್ನು ಹಿಡಿಯತಕ್ಕ ವಿಧಿಗಳನ್ನು ಒಂದರ ಕೆಳಗೊಂದಾಗಿ ಬರೆಯುತ್ತಾರೆ; ಮೇಲಿನಿಂದ ನೋಡುತ್ತ ಬಂದಾಗ ಯಾವುದು ಮೊದಲು ಹೊಂದುವುದೋ ಅದೇ ಪ್ರವರ್ತಿಸುತ್ತದೆ. ಸಾಮಾನ್ಯವನ್ನು ಮೇಲಿಟ್ಟು ವಿಶೇಷವನ್ನು ಕೆಳಗಿಟ್ಟರೆ ವಿಶೇಷಕ್ಕೆ ಪ್ರವೃತ್ತಿಯೇ ಇಲ್ಲದಂತಾಗುವುದರಿಂದ ಅಂತಹ ಪ್ರೋಗ್ರಾಮನ್ನು ಜಾವಾದ ಕಂಪೈಲರು ಅಂಗೀಕರಿಸುವುದೇ ಇಲ್ಲ. ಪೈಥಾನು ಸುಮ್ಮನೆ ಅಂಗೀಕರಿಸುತ್ತದೆ. ಪಾಣಿನೀಯರು ನಿರವಕಾಶವಾದ ವಿಧಿಗೆ ಬಲವನ್ನು ಕೊಟ್ಟರು. ಪೈಥಾನು ಅದನ್ನು ಹೆಸರಿಗೆ ಮಾತ್ರ ಉಳಿಸುತ್ತದೆ.

ಹಿಡಿದ ಅಪವಾದವನ್ನು ಏನು ಮಾಡಬೇಕೆಂಬಲ್ಲಿಯೇ ಹೆಚ್ಚಿನ ತಪ್ಪುಗಳು ಹುಟ್ಟುವುವು. ಇದನ್ನು ಕುರಿತು 2014ರಲ್ಲಿ ಟೊರಾಂಟೊ ವಿಶ್ವವಿದ್ಯಾಲಯದ ಡಿಂಗ್ ಯುವಾನ್ ಮತ್ತು ಅವರ ಸಹಕಾರಿಗಳು ಪ್ರಕಟಿಸಿದ ಪ್ರಬಂಧವು ಅವಶ್ಯವಾಗಿ ಪರಿಶೀಲಿಸತಕ್ಕದ್ದು. ಕಸಾಂಡ್ರಾ, ಎಚ್‌ಬೇಸ್, ಎಚ್‌ಡಿಎಫ್‌ಎಸ್, ಮ್ಯಾಪ್‌ರೆಡ್ಯೂಸ್, ರೆಡಿಸ್ ಎಂಬ ಐದು ವ್ಯವಸ್ಥೆಗಳಲ್ಲಿ ಬಳಕೆದಾರರು ವರದಿಮಾಡಿದ 198 ವೈಫಲ್ಯಗಳನ್ನು ಅವರು ಪರೀಕ್ಷಿಸಿದರು. ಅವುಗಳಲ್ಲಿ 48 ವೈಫಲ್ಯಗಳು ಬಹುಮಂದಿ ಬಳಕೆದಾರರನ್ನು ಬಾಧಿಸಿದ ಮಹಾವಿಪತ್ತುಗಳು. ಈ ವಿಪತ್ತುಗಳ ಪೈಕಿ ಶೇಕಡಾ 92ರಲ್ಲಿ, ಮಾರಕವಲ್ಲದ ಸಣ್ಣ ದೋಷವನ್ನು ಪ್ರೋಗ್ರಾಮು ತಾನೇ ಸ್ಪಷ್ಟವಾಗಿ ಸೂಚಿಸಿದ್ದಿತು. ಆ ಸೂಚನೆಯನ್ನು ನಿರ್ವಹಿಸಿದ ರೀತಿಯೇ ಕೆಟ್ಟಿದ್ದಿತು. ಶೇಕಡಾ 35ರಲ್ಲಂತೂ ತಪ್ಪು ಅತ್ಯಲ್ಪವಾದುದು: ನಿರ್ವಹಣದ ಸ್ಥಾನವನ್ನು ಬರಿದಾಗಿ ಬಿಟ್ಟಿರುವುದು, ಇಲ್ಲವೆ ದಿನಚರಿಯಲ್ಲಿ ಒಂದು ಸಾಲು ಬರೆದು ಮುಂದೆ ಹೋಗಿರುವುದು, ಅತಿವ್ಯಾಪ್ತವಾದ ವಿಧಿಯಿಂದ ಎಲ್ಲವನ್ನೂ ಹಿಡಿದು ಇಡೀ ವ್ಯವಸ್ಥೆಯನ್ನೇ ನಿಲ್ಲಿಸಿರುವುದು, ‘ಇದನ್ನು ಮುಂದೆ ಮಾಡತಕ್ಕದ್ದು’ ಎಂಬ ಟಿಪ್ಪಣಿಯನ್ನಷ್ಟೇ ಬರೆದಿಟ್ಟಿರುವುದು. ಈ ಮೂರನ್ನು ಹುಡುಕಲು ಅವರು ಆಸ್ಪಿರೇಟರ್ ಎಂಬ ಪರಿಶೋಧಕವನ್ನು ರಚಿಸಿದರು. ಅದನ್ನು ಒಂಬತ್ತು ವ್ಯವಸ್ಥೆಗಳ ಮೇಲೆ ನಡೆಸಿದಾಗ ದೊರೆತ ದೋಷಗಳಲ್ಲಿಯೂ ದುರಭ್ಯಾಸಗಳಲ್ಲಿಯೂ 143ನ್ನು ಆಯಾ ಕರ್ತೃಗಳೇ ಒಪ್ಪಿದರು ಅಥವಾ ತಿದ್ದಿದರು.

ಪ್ರಬಂಧದ ಮುಖ್ಯಸಿದ್ಧಾಂತವನ್ನು ನಾವು ಒಪ್ಪುತ್ತೇವೆ. ಆದರೆ ಪರೀಕ್ಷಿತವಾದ ಐದೂ ದೊಡ್ಡ ದತ್ತಾಂಶವ್ಯವಸ್ಥೆಗಳೆಂಬುದನ್ನು ಮರೆಯಲಾಗದು. ಅವುಗಳಲ್ಲಿ ರೆಡಿಸ್ ರಚಿತವಾಗಿರುವುದು ಸಿ ಭಾಷೆಯಲ್ಲಿ. ಆ ಭಾಷೆಯಲ್ಲಿ ಅಪವಾದವೆಂಬ ವ್ಯವಸ್ಥೆಯೇ ಇಲ್ಲ. ಪರಿಶೋಧಕವಾದರೋ ಜಾವಾಕ್ಕೆ ಮಾತ್ರ ಸಲ್ಲುವುದು. ಆದಕಾರಣ ಶೇಕಡಾವಾರು ಲೆಕ್ಕಗಳನ್ನು ಸಮಸ್ತ ಪ್ರೋಗ್ರಾಮುಗಳಿಗೂ ಅನ್ವಯಿಸಿ ಹೇಳುವವರು ಲೇಖಕರಿಗಿಂತ ಮುಂದೆ ಹೋಗುತ್ತಾರೆ.

ದಿನಚರಿಯಲ್ಲಿ ಬರೆದು ಬಿಡುವುದನ್ನೂ ದೋಷವೆಂದೇ ಎಣಿಸಿದುದು ಈ ಪ್ರಬಂಧದ ಹೆಚ್ಚುಗಾರಿಕೆ. ಬಳಕೆಯಲ್ಲಿರುವ ಎಷ್ಟೋ ಪರಿಶೋಧಕಗಳು ಬರಿದಾದ ಸ್ಥಾನವನ್ನು ಮಾತ್ರ ಹಿಡಿಯುತ್ತವೆ. ಒಂದು ಸಾಲನ್ನು ತುಂಬಿದರೆ ತೃಪ್ತವಾಗುತ್ತವೆ. ಪಿಎಂಡಿ ಎಂಬುದರಲ್ಲಿ ಇನ್ನೊಂದು ಸೌಕರ್ಯವುಂಟು: ಹಿಡಿದ ಅಪವಾದಕ್ಕೆ ‘ಇಗ್ನೋರ್ಡ್’ ಎಂದು, ಅಂದರೆ ‘ಉಪೇಕ್ಷಿತ’ವೆಂದು, ಹೆಸರಿಟ್ಟರೆ ಬರಿದಾದ ಸ್ಥಾನವನ್ನೂ ಅದು ಕ್ಷಮಿಸುತ್ತದೆ. ಬುದ್ಧಿಪೂರ್ವಕವಾಗಿ ಉಪೇಕ್ಷಿಸಿದವನು ಹಾಗೆಂದು ಘೋಷಿಸಲಿ ಎಂಬುದು ಇದರ ಆಶಯವಾಗಿರಬೇಕು. ಆದರೆ ಸೋಮಾರಿಗೂ ಈ ಮುದ್ರೆ ಸುಲಭವಾಗಿಯೇ ದೊರೆಯುತ್ತದೆ.

ರೂಪವು ನಿರ್ದೋಷವಾಗಿದ್ದೂ ಅನರ್ಥವಾಗಬಹುದೆಂಬುದಕ್ಕೆ 1996ರ ಜೂನ್ 4ರಂದು ನಾಶವಾದ ಏರಿಯಾನ್ 5 ರಾಕೆಟ್ಟು ಸಾಕ್ಷಿ. ಅಲ್ಲಿ 64 ಬಿಟ್ಟುಗಳ ದಶಾಂಶಸಂಖ್ಯೆಯು 16 ಬಿಟ್ಟುಗಳ ಪೂರ್ಣಾಂಕದ ಸ್ಥಳದಲ್ಲಿ ಹಿಡಿಸದೆ ಅಪವಾದವು ಹುಟ್ಟಿತು. ಅಪಾಯಕ್ಕೆ ಎಡೆಯಿದ್ದ ಏಳು ಚರಗಳಲ್ಲಿ ನಾಲ್ಕಕ್ಕೆ ರಕ್ಷೆಯನ್ನು ಕಟ್ಟಿ ಮೂರನ್ನು ತಿಳಿದೇ ಬಿಟ್ಟಿದ್ದರೆಂದು ವಿಚಾರಣಾಮಂಡಲಿಯ ವರದಿಯು ತಿಳಿಸುತ್ತದೆ. ಅಪವಾದ ಬಂದರೆ ಯಂತ್ರವು ನಿಲ್ಲತಕ್ಕದ್ದೆಂದು ವಿಧಿಯಿದ್ದಿತು, ಅದು ನಿಂತಿತು. ಒಡನಿದ್ದ ಬದಲಿಯಂತ್ರವೂ ಅದೇ ಪ್ರೋಗ್ರಾಮನ್ನು ನಡೆಸುತ್ತಿದ್ದುದರಿಂದ ಅದೇ ಕಾರಣದಿಂದ ಮೊದಲೇ ನಿಂತಿದ್ದಿತು. ಬರಿದಾದ ಸ್ಥಾನವನ್ನು ಹುಡುಕುವ ಪರಿಶೋಧಕವು ಇಲ್ಲಿ ಏನನ್ನು ಕಾಣಬಲ್ಲುದು?

ನಮ್ಮ ವಾಚಕರಿಗೆ ಸಮೀಪವಾದ ನಿದರ್ಶನವೊಂದನ್ನು ಹೇಳದೆ ಬಿಡಲಾರೆವು. ಯೂನಿಕೋಡು ರೂಢಿಗೆ ಬರುವ ಮುಂಚೆ ಹಳೆಯ ಲಿಪಿಸಂಕೇತಗಳಲ್ಲಿ ಅಚ್ಚುಕಟ್ಟಿದ ಕನ್ನಡ ಕಡತಗಳು ಇಂದಿಗೂ ಅನೇಕವಾಗಿವೆ. ಅಂತಹುದನ್ನು ಪೈಥಾನಿನ ಪ್ರೋಗ್ರಾಮೊಂದು ಯುಟಿಎಫ್-8 ಎಂದು ಭಾವಿಸಿ ಓದಹೊರಟರೆ, ಹೊಂದದ ಸಂಕೇತವೊಂದು ಎದುರಾದೊಡನೆ ಅಪವಾದ ಹುಟ್ಟುವುದು. ಪದಸೂಚಿಯನ್ನು ಸಿದ್ಧಪಡಿಸುವವನು ಅದನ್ನು ಹಿಡಿದು ‘ಮುಂದಿನ ಕಡತಕ್ಕೆ ಹೋಗು’ ಎಂದು ಬರೆದನೆಂದಿಟ್ಟುಕೊಳ್ಳಿ. ಸೂಚಿಯು ತಡೆಯಿಲ್ಲದೆ ಮುಗಿಯುತ್ತದೆ. ಹಳೆಯ ಸಂಕೇತದ ಕಡತಗಳಾವುವೂ ಅದರಲ್ಲಿ ಸೇರಿರುವುದಿಲ್ಲ. ಆ ಸೂಚಿಯನ್ನು ನಂಬಿ ‘ಈ ಪ್ರಯೋಗವು ಈ ಕವಿಯಲ್ಲಿ ಇಲ್ಲ’ ಎಂದು ಪಂಡಿತನೊಬ್ಬನು ನಿರ್ಣಯಿಸಿದರೆ ಅವನ ತರ್ಕದಲ್ಲಿ ದೋಷವನ್ನು ತೋರಿಸುವುದು ಕಷ್ಟ.

ಈ ತಪ್ಪನ್ನು ಬ್ಯಾಂಡಿಟ್ ಎಂಬ ಪರಿಶೋಧಕವು ಹಿಡಿಯುತ್ತದೆ. ಹೆಸರಿಲ್ಲದೆ ಎಲ್ಲವನ್ನೂ ಹಿಡಿಯುವ ವಿಧಿಯನ್ನು ಪೈಲಿಂಟ್ ಸಹ ಆಕ್ಷೇಪಿಸುತ್ತದೆ. ಅಂತಹ ವಿಧಿಯು ಬಳಕೆದಾರನು ಕೀಲಿಮಣೆಯಿಂದ ಕೊಟ್ಟ ‘ನಿಲ್ಲು’ ಎಂಬ ಸೂಚನೆಯನ್ನು ಕೂಡ ನುಂಗಬಲ್ಲುದಷ್ಟೆ. ಆದರೆ ಇದೇ ಪೈಥಾನಿನಲ್ಲಿ, ಹೊಂದದ ಸಂಕೇತಗಳನ್ನು ಬಿಟ್ಟು ಓದು ಎಂದು ಕಡತವನ್ನು ತೆರೆಯುವಾಗಲೇ ಅಪ್ಪಣೆ ಕೊಡುವುದಕ್ಕೂ ಅವಕಾಶವಿದೆ. ಆಗ ಅಪವಾದವು ಹುಟ್ಟುವುದೇ ಇಲ್ಲ. ಹಿಡಿಯುವ ವಿಧಿಯೂ ಬೇಕಿಲ್ಲ. ಮೇಲ್ಕಂಡ ಎರಡು ಆಕ್ಷೇಪಗಳಿಗೂ ಅಲ್ಲಿ ಎಡೆಯಿಲ್ಲ. ಅಕ್ಷರಗಳು ಮಾತ್ರ ಸಾಲಿನ ನಡುವಿನಿಂದ ಗುರುತುಳಿಯದಂತೆ ಜಾರಿಹೋಗುತ್ತವೆ. ತಾಳೆಯೋಲೆಯನ್ನು ಪ್ರತಿಮಾಡುವ ಲಿಪಿಕಾರನು ಹುಳು ತಿಂದ ಎಡೆಯಲ್ಲಿ ಒಂದಿಷ್ಟು ತೆರಪನ್ನಾದರೂ ಬಿಡುತ್ತಿದ್ದನು.