‘ಕನಕ ಮುಸುಕು’: ರೋಚಕ ಕಾದಂಬರಿಯಲ್ಲಿ ಸಾಕ್ಷ್ಯದ ಸ್ಥಾನ

ಕನ್ನಡ ವಿಮರ್ಶೆಯು ಪತ್ತೇದಾರಿ ಕಾದಂಬರಿಯನ್ನು ಬಹುಕಾಲ ಸಾಹಿತ್ಯ ಚರಿತ್ರೆಯ ಹೊಸ್ತಿಲಿನಾಚೆಗೇ ನಿಲ್ಲಿಸಿದೆ. ಎನ್. ನರಸಿಂಹಯ್ಯ (1925-2011) ನೂರಾರು ಕಾದಂಬರಿಗಳನ್ನು ಬರೆದು ಒಂದು ಇಡೀ ತಲೆಮಾರಿಗೆ ಓದಿನ ರುಚಿ ಹತ್ತಿಸಿದರು. ಅವರ ಪತ್ತೇದಾರ ಪುರುಷೋತ್ತಮನ ಹೆಸರು ಪಠ್ಯಪುಸ್ತಕಗಳಲ್ಲಿಲ್ಲದಿದ್ದರೂ ಓಣಿ ಓಣಿಯ ಬಾಡಿಗೆ ಪುಸ್ತಕಾಲಯಗಳಲ್ಲಿ ಮನೆಮಾತಾಗಿತ್ತು. ಎಂ. ರಾಮಮೂರ್ತಿ, ಟಿ. ಕೆ. ರಾಮರಾವ್ ಮೊದಲಾದವರು ಈ ಧಾರೆಯನ್ನು ತಂತಮ್ಮ ರೀತಿಯಲ್ಲಿ ಬೆಳೆಸಿದರು. ಆದರೆ ಈ ಪರಂಪರೆಯಲ್ಲಿ ಕಳುವಾಗುವ ವಸ್ತುವಿಗೆ ಬಹುಮಟ್ಟಿಗೆ ಬೆಲೆಯಿತ್ತೇ ಹೊರತು ಚರಿತ್ರೆಯಿರಲಿಲ್ಲ. ಹಾರವಾಗಲಿ, ಹಣದ ಪೆಟ್ಟಿಗೆಯಾಗಲಿ, ಕಥೆಯನ್ನು ಓಡಿಸುವ ನೆಪವಾಗಿ ಬಂದು ಹೋಗುತ್ತಿತ್ತು.

ಈ ಸ್ಥಿತಿ ಮೊದಲು ಗಟ್ಟಿಯಾಗಿ ಪಲ್ಲಟಗೊಂಡದ್ದು ಕೆ. ಪಿ. ಪೂರ್ಣಚಂದ್ರ ತೇಜಸ್ವಿಯವರ ‘ಜುಗಾರಿ ಕ್ರಾಸ್’ (1994) ಕಾದಂಬರಿಯಲ್ಲಿ. ಏಲಕ್ಕಿ ಮಾರಲು ಹೊರಟ ಸುರೇಶ ಮತ್ತು ಗೌರಿ ಎಂಬ ಕೃಷಿಕ ದಂಪತಿಗಳು ಒಂದು ಹಗಲು ಒಂದು ಇರುಳಿನ ಅವಧಿಯಲ್ಲಿ ಕಳ್ಳಸಾಗಣೆ ಮತ್ತು ಕೊಲೆಗಳ ಜಾಲಕ್ಕೆ ಸಿಲುಕುವ ಆ ಕಥನದಲ್ಲಿ, ಗುರುರಾಜ ಕವಿಯ ಹಳೆಯ ಕಾವ್ಯವೊಂದು ಕೆಂಪು ರತ್ನಗಳ ಜಾಡಿನ ಕೀಲಿಕೈಯಾಗುತ್ತದೆ. ಹಳಗನ್ನಡವನ್ನು ಬಿಡಿಸಿ ಓದುವ ವಿದ್ವತ್ತು ಇಲ್ಲಿ ಪ್ರಾಣಕ್ಕೆ ಸಂಚಕಾರ ತರಬಲ್ಲದು. ಕನ್ನಡದ ರೋಚಕ ಕಾದಂಬರಿಗೆ ಗ್ರಂಥಸಂಪಾದನೆಯ ಕಸುಬು ಪ್ರವೇಶಿಸಿದ ಬಗೆ ಇದು. ಆದರೆ ಗುರುರಾಜ ಕವಿ ಕಾದಂಬರಿಕಾರನ ಸೃಷ್ಟಿ. ಅವನ ಕಾವ್ಯವನ್ನು ಯಾವ ಓದುಗನೂ ಭಂಡಾರಕ್ಕೆ ಹೋಗಿ ತೆಗೆದು ನೋಡಲಾರ. ಆ ಸ್ವಾತಂತ್ರ್ಯವನ್ನು ತೇಜಸ್ವಿ ಪೂರ್ಣವಾಗಿ ಬಳಸಿಕೊಂಡಿದ್ದಾರೆ.

ಕೆ. ಎನ್. ಗಣೇಶಯ್ಯನವರು ಹಿಡಿದ ದಾರಿ ಇದಕ್ಕಿಂತ ಭಿನ್ನವಾದುದು, ಹೆಚ್ಚು ಅಪಾಯಕಾರಿಯಾದುದು. ಬೆಂಗಳೂರಿನ ಉತ್ತರಕ್ಕೆ, ಹೆಬ್ಬಾಳದಿಂದ ಯಲಹಂಕ, ಪುಟ್ಟೇನಹಳ್ಳಿಗಳತ್ತ ಸಾಗುವ ಬಳ್ಳಾರಿ ರಸ್ತೆಯ ಬದಿಯಲ್ಲಿರುವ ಗಾಂಧಿ ಕೃಷಿ ವಿಜ್ಞಾನ ಕೇಂದ್ರದಲ್ಲಿ ಅವರು ಪ್ರಾಧ್ಯಾಪಕರಾಗಿದ್ದವರು. ಒಂದೇ ಕಾಯಿಯೊಳಗಿನ ಬೀಜಗಳು ಪರಸ್ಪರ ನಡೆಸುವ ಪೈಪೋಟಿಯನ್ನು ಕುರಿತ ಸಂಶೋಧನೆ, ಜೀವವೈವಿಧ್ಯದ ಅಧ್ಯಯನ ಅವರ ವೃತ್ತಿಕ್ಷೇತ್ರ. ‘ಶಾಲಭಂಜಿಕೆ’, ‘ಪದ್ಮಪಾಣಿ’ ಸಂಕಲನಗಳ ಕಥೆಗಳಿಂದ ಹಿಡಿದು ‘ಕನಕ ಮುಸುಕು’, ‘ಕರಿಸಿರಿಯಾನ’ ಕಾದಂಬರಿಗಳವರೆಗೆ ಅವರು ಇಟ್ಟುಕೊಂಡ ನಿಯಮ ಒಂದೇ: ರಹಸ್ಯದ ಬೀಜ ನಿಜವಾದ ಶಿಲ್ಪದಲ್ಲಿ, ಶಾಸನದಲ್ಲಿ, ದಾಖಲೆಯಲ್ಲಿ ಇರಬೇಕು. ಕಥೆಯ ಜೊತೆಗೆ ಟಿಪ್ಪಣಿ, ಆಕರ, ಛಾಯಾಚಿತ್ರಗಳೂ ಬರುತ್ತವೆ. ಓದುಗನು ಪುಸ್ತಕವನ್ನು ಮಡಿಚಿ ಬಸ್ಸು ಹತ್ತಿ ಹೋಗಿ ಆ ಕಲ್ಲನ್ನು ಕಾಣಬಹುದು.

‘ಕನಕ ಮುಸುಕು’ ಈ ನಿಯಮದ ಅತ್ಯಂತ ಸಮರ್ಥ ಪ್ರಯೋಗ. ಅದರ ಮಿತಿಯನ್ನು ಅತ್ಯಂತ ಸ್ಪಷ್ಟವಾಗಿ ತೋರುವ ಕೃತಿಯೂ ಹೌದು. ಹೊಯ್ಸಳ ದೇಗುಲಗಳ ಹೊರಭಿತ್ತಿಯ ಕೆಲವು ಶಿಲ್ಪಗಳು ಕೈಯಲ್ಲಿ ಹಿಡಿದಿರುವ ತೆನೆಯಂತಹ ವಸ್ತುವಿನಿಂದ ಕಾದಂಬರಿ ಹುಟ್ಟುತ್ತದೆ. ನಿಧಿ, ಕೊಲೆ, ಬೆನ್ನಟ್ಟುವಿಕೆಗಳು ಅದನ್ನು ಸುತ್ತುತ್ತವೆ. ಆ ವಸ್ತುವಿನ ಹಿಂದೆ ನಿಜವಾದ ವಿದ್ವತ್ ವಿವಾದವೊಂದಿದೆ. ಸೋಮನಾಥಪುರದ ಕೇಶವ ದೇವಾಲಯ ಪ್ರತಿಷ್ಠೆಗೊಂಡದ್ದು 1268ರಲ್ಲಿ, ಮೂರನೆಯ ನರಸಿಂಹನ ದಂಡನಾಯಕ ಸೋಮನಾಥನಿಂದ. ಮುಸುಕಿನ ಜೋಳವಾದರೋ ಮೆಕ್ಸಿಕೋ ಸೀಮೆಯ ಬೆಳೆ. ಕೊಲಂಬಸನ 1492ರ ಯಾನಕ್ಕೆ ಮುನ್ನ ಅದು ಹಳೆಯ ಜಗತ್ತಿಗೆ ಬಂದಿರಲಿಲ್ಲವೆಂಬುದು ಸಸ್ಯವಿಜ್ಞಾನದ ಪ್ರಬಲ ಮತ. ‘ಮೆಕ್ಕೆ’ ಜೋಳವೆಂಬ ಹೆಸರನ್ನು ಮೆಕ್ಕಾದೊಡನೆ ಕೂಡಿಸಿ ಹೇಳುವ ರೂಢಿಯೂ ಅದು ಹೊರಗಿನಿಂದ ಬಂದುದೆಂಬ ನೆನಪನ್ನೇ ಸೂಚಿಸುತ್ತದೆ. ಹೀಗಿರುವಾಗ, 1989ರಲ್ಲಿ ಅಮೆರಿಕದ ಭೂಗೋಳ ವಿದ್ವಾಂಸ ಕಾರ್ಲ್ ಜೋಹಾನೆಸೆನ್ ಮತ್ತು ಆನ್ ಪಾರ್ಕರ್ ಅವರು, ಹನ್ನೆರಡು ಹದಿಮೂರನೆಯ ಶತಮಾನಗಳ ಈ ಶಿಲ್ಪಗಳು ಹಿಡಿದಿರುವುದು ಮುಸುಕಿನ ಜೋಳವೇ ಎಂದು ವಾದಿಸಿದರು. ಕಾಳುಗಳ ಸಾಲು, ತೆನೆಯ ಆಕಾರ, ಸಿಪ್ಪೆಯ ಚಿತ್ರಣ ಅವರ ಆಧಾರ. ಇದಕ್ಕೆ ಪ್ರತಿಯಾಗಿ 1991ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ, ಅದು ಮುತ್ತುಗಳಿಂದಾದ ಕಲ್ಪಿತ ಹಣ್ಣು, ಅಂದರೆ ಮುಕ್ತಾಫಲ ಎಂಬ ವಾದ ಬಂದಿತು. 1993ರಲ್ಲಿ ಪಾಯಕ್ ಮತ್ತು ಸಚಾನ್ ಎಂಬ ವಿಜ್ಞಾನಿಗಳು ಅವು ಜೋಳದ ತೆನೆಗಳಲ್ಲವೆಂದು ಖಂಡಿಸಿ ಬರೆದರು.

ಈ ವಿವಾದದ ಸ್ವಾರಸ್ಯವೆಂದರೆ ಎರಡೂ ಪಕ್ಷಗಳು ಒಂದೇ ಕಲ್ಲನ್ನು ನೋಡುತ್ತಿವೆ. ಬಳಪದ ಕಲ್ಲಿನ ಮೃದುತ್ವ ಮಣಿ ಮಣಿಯನ್ನೂ ಬಿಡಿಯಾಗಿ ಕಡೆಯಲು ಅವಕಾಶ ಕೊಡುತ್ತದೆ. ಮುತ್ತಿನ ಸರವನ್ನು ಕಡೆದ ಕೈಯೇ ಕಾಳಿನ ಸಾಲನ್ನೂ ಕಡೆಯಬಲ್ಲದು. ತನ್ನ ಹೆಸರನ್ನು ಕಲ್ಲಿನಲ್ಲಿ ಉಳಿಸಿಹೋದ ಮಲ್ಲಿತಮ್ಮನಂತಹ ಶಿಲ್ಪಿ ಕೈಯ ವಸ್ತುವಿನ ಹೆಸರನ್ನು ಮಾತ್ರ ಬರೆದಿಡಲಿಲ್ಲ. ಪ್ರಶ್ನೆಯನ್ನು ಇತ್ಯರ್ಥಗೊಳಿಸಬಲ್ಲುದು ಶಿಲ್ಪವಲ್ಲ, ಕಾಲ ನಿಶ್ಚಿತವಾದ ಮಣ್ಣಿನ ಪದರದಲ್ಲಿ ದೊರೆಯುವ ಕಾಳು ಅಥವಾ ಪರಾಗ. ಸಸ್ಯವಿಜ್ಞಾನಿಯಾದ ಲೇಖಕರಿಗೆ ಇದು ಇತರರಿಗಿಂತ ಚೆನ್ನಾಗಿ ಗೊತ್ತು.

ಇಲ್ಲಿಯೇ ಪ್ರಕಾರದ ಒತ್ತಡ ಶುರುವಾಗುತ್ತದೆ. ಸಂಶೋಧನೆ ‘ಇರಬಹುದು’ ಎಂಬಲ್ಲಿ ನಿಲ್ಲಬಲ್ಲದು. ರೋಚಕ ಕಾದಂಬರಿ ನಿಲ್ಲಲಾರದು. ಕೊಲೆಯಾದ ಮೇಲೆ ಕಾರಣ ಬೇಕು, ಕಾರಣಕ್ಕೆ ರಹಸ್ಯ ಬೇಕು, ರಹಸ್ಯ ನಿಜವಾಗಿರಬೇಕು. ಮುಕ್ತಾಫಲಕ್ಕಾಗಿ ಯಾರೂ ಯಾರನ್ನೂ ಕೊಲ್ಲುವುದಿಲ್ಲ. ಆದ್ದರಿಂದ ಕಾದಂಬರಿಯ ಹೆಸರೇ ಒಂದು ಪಕ್ಷವನ್ನು ವಹಿಸಿಬಿಡುತ್ತದೆ: ‘ಮುಸುಕು’ ಎಂದರೆ ತೆನೆಯ ಸಿಪ್ಪೆಯೂ ಹೌದು, ಬಂಗಾರದ ಮೇಲಿನ ಮರೆಯೂ ಹೌದು. ಶ್ಲೇಷೆ ಸೊಗಸಾಗಿದೆ. ಆದರೆ ಆ ಶ್ಲೇಷೆ ನಡೆಯಬೇಕಾದರೆ ಶಿಲ್ಪದ ಕೈಯಲ್ಲಿರುವುದು ಜೋಳವೇ ಆಗಬೇಕು. ಹೀಗೆ ವಿದ್ವಾಂಸರ ನಡುವೆ ತೆರೆದಿದ್ದ ಪ್ರಶ್ನೆಯೊಂದು ಓದುಗನ ಮನಸ್ಸಿನಲ್ಲಿ ಮುಚ್ಚಿಹೋಗುವ ಸಂಭವವಿದೆ.

ಡ್ಯಾನ್ ಬ್ರೌನ್‌ನ ‘ದ ಡಾ ವಿಂಚಿ ಕೋಡ್’ (2003) ಕೃತಿಯೊಡನೆ ಗಣೇಶಯ್ಯನವರನ್ನು ಹೋಲಿಸುವುದು ವಾಡಿಕೆಯಾಗಿದೆ. ಅದು ಅರ್ಧ ಮಾತ್ರ ಸರಿ. ಲೂವ್ರ್ ಸಂಗ್ರಹಾಲಯದ ಕೊಲೆಯಿಂದ ಆರಂಭವಾಗುವ ಆ ಕಾದಂಬರಿ ತನ್ನ ಪೀಠಿಕೆಯಲ್ಲಿ ಎಲ್ಲವೂ ನಿಜವೆಂಬ ಧಾಟಿಯಲ್ಲಿ ಮಾತನಾಡಿ, ಸಾಕ್ಷ್ಯದ ಹೊರೆಯನ್ನು ಕಥೆಯ ವೇಗಕ್ಕೆ ಬಿಟ್ಟುಕೊಡುತ್ತದೆ. ಗಣೇಶಯ್ಯನವರ ಟಿಪ್ಪಣಿಗಳು ಓದುಗನನ್ನು ಕಥೆಯಿಂದ ಹೊರಗೆ ಕಳುಹಿಸುತ್ತವೆ. ಅವರನ್ನು ಪ್ರಶ್ನಿಸಲು ಬೇಕಾದ ಸಾಧನವನ್ನು ಅವರೇ ಕೈಗಿಡುತ್ತಾರೆ. ಕಲ್ಪನೆ ಎಲ್ಲಿ ಮೊದಲಾಯಿತೆಂಬ ಗೆರೆ ಎಲ್ಲ ಕಡೆಯೂ ಕಾಣುವುದಿಲ್ಲವೆಂಬುದು ನಿಜ. ಅಡಿಟಿಪ್ಪಣಿಗೆ ಕನ್ನಡದ ಓದುಗ ಕೊಡುವ ಗೌರವ ಕೆಲವೊಮ್ಮೆ ಅದರ ಮೇಲಿನ ಪುಟಕ್ಕೂ ಸಲ್ಲಿಬಿಡುತ್ತದೆ.

ಪಾತ್ರರಚನೆಯ ದೃಷ್ಟಿಯಿಂದ ಹೆಚ್ಚು ಹೇಳಬೇಕಾದುದಿಲ್ಲ. ವ್ಯಕ್ತಿಗಳು ಬಹುಪಾಲು ಮಾಹಿತಿಯ ವಾಹಕರು. ಸಂಭಾಷಣೆ ಹಲವೆಡೆ ಉಪನ್ಯಾಸದ ರೂಪ ತಾಳುತ್ತದೆ. ಗೌರಿಯಂತೆ ನೆನಪಿನಲ್ಲಿ ಉಳಿಯುವ ಹೆಣ್ಣೊಬ್ಬಳು ಇಲ್ಲಿ ದೊರೆಯುವುದಿಲ್ಲ. ಆದರೆ ಇಲ್ಲಿನ ನಿಜವಾದ ಪಾತ್ರ ಶಿಲ್ಪವೇ. ಮದನಿಕೆಯರ ಭಂಗಿ, ಆಭರಣಗಳನ್ನು ಬಣ್ಣಿಸುವುದರಲ್ಲಿ ತೃಪ್ತಿಪಡುತ್ತಿದ್ದ ಕಣ್ಣನ್ನು ಈ ಕಾದಂಬರಿ ಅಂಗೈಯತ್ತ ತಿರುಗಿಸಿತು. ಈ ಲಾಭ ಸಣ್ಣದಲ್ಲ.

ಕಲಾಕೃತಿಯ ಕಳವು ಎಂಬ ವಸ್ತುವಿಗೆ ಬಂದರೆ, ಕಾದಂಬರಿ ಮತ್ತು ವಾಸ್ತವಗಳ ನಡುವಿನ ಅಂತರ ಎದ್ದುಕಾಣುತ್ತದೆ. ರೋಚಕ ಕಾದಂಬರಿಯ ಕಳ್ಳ ಅರ್ಥವನ್ನು ಹುಡುಕುತ್ತಾನೆ, ಶಿಲ್ಪವನ್ನು ಓದಬಲ್ಲವನಾಗಿರುತ್ತಾನೆ. ವಾಸ್ತವದ ಕಳ್ಳನಿಗೆ ಓದು ಬೇಕಿಲ್ಲ. 1972ರ ಪ್ರಾಚೀನ ವಸ್ತು ಮತ್ತು ಕಲಾ ಸಂಪತ್ತಿನ ಕಾಯಿದೆ ಜಾರಿಯಲ್ಲಿದ್ದರೂ, ಕೈಯಲ್ಲಿ ಹಿಡಿದೊಯ್ಯಬಹುದಾದ ವಿಗ್ರಹಗಳು ಬೀಗವೊಂದರ ಭರವಸೆಯಲ್ಲಿ ಉಳಿದಿವೆ. 2013ರ ಜುಲೈನಲ್ಲಿ ಮೂಡುಬಿದಿರೆಯ ಸಿದ್ಧಾಂತ ಬಸದಿಯಿಂದ ಅಮೂಲ್ಯ ಜಿನಬಿಂಬಗಳು ಕಳುವಾದಾಗ ಅದರಲ್ಲಿ ಸಂಕೇತಲಿಪಿಯೇನೂ ಇರಲಿಲ್ಲ. ಕಳವಿಗಿಂತ ವ್ಯಾಪಕವಾದುದು ಅಲಕ್ಷ್ಯ. ಗಣೇಶಯ್ಯನವರ ವಿದ್ಯಾಲಯಕ್ಕೆ ಸಮೀಪದ ಹೆಬ್ಬಾಳದಲ್ಲಿಯೇ, ಸುಮಾರು ಕ್ರಿ.ಶ. 750ರ, ಗಂಗ ಶ್ರೀಪುರುಷನ ಕಾಲದ ಕಿತ್ತಯ್ಯನ ವೀರಗಲ್ಲು ಬೆಳಕಿಗೆ ಬಂದದ್ದು 2018ರಲ್ಲಿ.

ಸೋಮನಾಥಪುರವನ್ನೇ ಮತ್ತೆ ನೋಡಬಹುದು. 2023ರಲ್ಲಿ ಬೇಲೂರು, ಹಳೇಬೀಡುಗಳೊಡನೆ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಈ ತ್ರಿಕೂಟದ ಎರಡು ಗರ್ಭಗೃಹಗಳಲ್ಲಿ ಜನಾರ್ದನನೂ ವೇಣುಗೋಪಾಲನೂ ನಿಂತಿದ್ದಾರೆ. ದೇವಾಲಯಕ್ಕೆ ಹೆಸರು ಕೊಟ್ಟ ಕೇಶವನ ಮೂಲ ವಿಗ್ರಹ ಮಾತ್ರ ಅಲ್ಲಿಲ್ಲ. ಹೊರಭಿತ್ತಿಯ ಶಿಲ್ಪದ ಕೈಯಲ್ಲಿರುವ ತೆನೆಯ ಬಗ್ಗೆ ನಡೆದಷ್ಟು ವಾದ ಒಳಗಿನ ಆ ಕಾಣೆಯಾದ ಮೂಲ ವಿಗ್ರಹದ ಬಗ್ಗೆ ನಡೆದಿಲ್ಲ.